ಕೂಸಿನೊಂದಿಗೆ ಹಳೆಯ ಹಡಗಿನಲ್ಲಿ ಕಡಿಮೆ ಖರ್ಚಿನ ಕ್ರೂಸ್: ಸಮಗ್ರ ಮಾರ್ಗದರ್ಶಿ

ಭಾರತದ ಬಂದರುಗಳಿಂದ ಅಗ್ಗದಲ್ಲಿ ಕ್ರೂಸ್ ಹೋಗುವುದೆಂದರೆ ಕೆಲವು ವರ್ಷಗಳಿಂದ ಬಹುಮಟ್ಟಿಗೆ ಒಂದೇ ಹಡಗಿನ ಮಾತು, ಅದು ಕಾರ್ಡೆಲಿಯಾ ಕಂಪನಿಯ ‘ಎಂಪ್ರೆಸ್’. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ ಈ ಹಡಗು 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಹೆಸರಿನಲ್ಲಿ ರಾಯಲ್ ಕೆರಿಬಿಯನ್ ಕಂಪನಿಗೆ ಓಡಲು ಶುರುವಾಯಿತು. ಎರಡು ಮೂರು ಸಲ ಹೆಸರು ಬದಲಿಸಿ, 2021ರ ಸೆಪ್ಟೆಂಬರ್‌ನಿಂದ ಮುಂಬೈಗೆ ಬಂದಿದೆ. ಅಮೆರಿಕದ ಫ್ಲೋರಿಡಾದಿಂದ ಬಹಾಮಾಸ್‌ಗೆ ಮೂರು ನಾಲ್ಕು ರಾತ್ರಿಯ ಪ್ರವಾಸ ಮಾಡಿಸಲೆಂದೇ ಇದನ್ನು ವಿನ್ಯಾಸ ಮಾಡಿದ್ದರು. ಅಷ್ಟು ಚಿಕ್ಕ ಪ್ರವಾಸಕ್ಕೆ ಬರುವವರು ಕೋಣೆಯೊಳಗೆ ಕೂರುವುದಿಲ್ಲ ಎಂಬ ಲೆಕ್ಕದಲ್ಲಿ ಕ್ಯಾಬಿನ್‌ಗಳನ್ನು ಇಕ್ಕಟ್ಟಾಗಿ ಕಟ್ಟಿದರು. ಕೂಸು ಇರುವವರ ಲೆಕ್ಕ ತದ್ವಿರುದ್ಧ. ದಿನಕ್ಕೆ ಎರಡು ಮೂರು ನಿದ್ದೆ, ರಾತ್ರಿ ಎಂಟಕ್ಕೆ ದೀಪ ಆರಿಸುವುದು, ನಡುವೆ ಡೈಪರ್, ಹಾಲು ಎಂದು ನೀವು ಕ್ಯಾಬಿನ್ನಿನಲ್ಲೇ ಅರ್ಧ ದಿನ ಕಳೆಯುತ್ತೀರಿ. ಹಾಗಾಗಿ ಊಟ, ಶೋ, ಈಜುಕೊಳಕ್ಕಿಂತ ಮೊದಲು ಯೋಚಿಸಬೇಕಾದದ್ದು ಯಾವ ಕ್ಯಾಬಿನ್ ಎಂಬುದನ್ನು. ಇಲ್ಲಿ ಹೇಳಿರುವುದರಲ್ಲಿ ಹೆಚ್ಚಿನದು ಇದೇ ವಯಸ್ಸಿನ ಬೇರೆ ಹಡಗುಗಳಿಗೂ ಹೊಂದುತ್ತದೆ.

ಕೂಸಿನ ವಯಸ್ಸು, ತಿಂಗಳು, ಎಷ್ಟು ರಾತ್ರಿ

ಕ್ರೂಸ್ ಕಂಪನಿಗಳು ಸಾಮಾನ್ಯವಾಗಿ 6 ತಿಂಗಳು ತುಂಬದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ. ಸತತ ಮೂರು ಅಥವಾ ಹೆಚ್ಚು ದಿನ ನಡುಗಡಲಿನಲ್ಲೇ ಇರುವ ಪ್ರವಾಸವಾದರೆ ಹಲವು ಕಂಪನಿಗಳು 12 ತಿಂಗಳು ಕೇಳುತ್ತವೆ. ಈ ವಯಸ್ಸನ್ನು ಬುಕ್ ಮಾಡುವ ದಿನಕ್ಕಲ್ಲ, ಹಡಗು ಹತ್ತುವ ದಿನಕ್ಕೆ ಲೆಕ್ಕ ಹಾಕುತ್ತಾರೆ. ನಮ್ಮ ಮಟ್ಟಿಗೆ ಹೆಚ್ಚು ಸಲೀಸಾದ ವಯಸ್ಸು 6ರಿಂದ 9 ತಿಂಗಳು. ಅಂಬೆಗಾಲಿಡಲು ಶುರುವಾದ ಮೇಲೆ, ವಿಶೇಷವಾಗಿ ಹೊಸದಾಗಿ ನಡೆಯುವ ಮಗುವಿನೊಂದಿಗೆ, ಹಳೆಯ ಹಡಗು ಸುಸ್ತು ಮಾಡುತ್ತದೆ. ಪ್ರತಿ ಬಾಗಿಲಿಗೂ ಹೊಸ್ತಿಲು, ಎಲ್ಲ ಕಡೆ ಮೆಟ್ಟಿಲು.

ಅರಬ್ಬಿ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಗಾರಿನ ಅಲೆ. ಆ ತಿಂಗಳುಗಳಲ್ಲಿ ಹಡಗು ಚೆನ್ನೈಗೆ ಹೋಗಿ ಶ್ರೀಲಂಕಾ ಕಡೆ ಓಡಿದ್ದೂ ಉಂಟು. ಮುಂಬೈನಿಂದ ಹೋಗುವುದಾದರೆ ಡಿಸೆಂಬರ್‌ನಿಂದ ಮಾರ್ಚ್ ಶಾಂತ ಕಾಲ. ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್ ಚಂಡಮಾರುತದ ಹಂಗಾಮು, ಆಗ ಚೆನ್ನೈ ಕಡೆಯಿಂದ ಹೊರಡುವ ಪ್ರವಾಸ ಬೇಡ.

ವಾರಾಂತ್ಯದ ಎರಡು ರಾತ್ರಿಯ ಪ್ರವಾಸದ ದರ ನೋಡಲು ಕಡಿಮೆ. ಆದರೆ ಅದರಲ್ಲೇ ಜನ ಹೆಚ್ಚು, ಡಿಜೆ ಗದ್ದಲ ಹೆಚ್ಚು, ಲಿಫ್ಟಿನ ಮುಂದೆ ಸಾಲು ಹೆಚ್ಚು. ಮಗು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಒಂದು ರಾತ್ರಿ ಬೇಕು; ಎರಡು ರಾತ್ರಿಯ ಪ್ರವಾಸದಲ್ಲಿ ಹೊಂದಿಕೊಂಡ ಮರುದಿನವೇ ಇಳಿಯಬೇಕು. ವಾರದ ನಡುವಿನ ಮೂರು ರಾತ್ರಿ ಒಳ್ಳೆಯ ಅಳತೆ. ಐದು ರಾತ್ರಿಯನ್ನು ಮೊದಲ ಸಲಕ್ಕೇ ತೆಗೆದುಕೊಳ್ಳಬೇಡಿ.

ದರದೊಳಗೆ ಏನಿಲ್ಲ

ಜಾಹೀರಾತಿನ ದರ ಒಬ್ಬರಿಗೆ, ಅದೂ ಇಬ್ಬರು ಒಂದೇ ಕ್ಯಾಬಿನ್ನಿನಲ್ಲಿದ್ದರೆ. ಅದರ ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಸೇವಾ ಶುಲ್ಕ ಸೇರುತ್ತವೆ. ಕೂಸಿಗೆ ಪ್ರಯಾಣ ದರ ಇಲ್ಲ ಎಂದರೂ ಈ ಮೂರರಲ್ಲಿ ಯಾವುದು ಬೀಳುತ್ತದೆ ಎಂದು ಬುಕ್ ಮಾಡುವ ಮೊದಲೇ ಬಿಡಿಸಿ ಬರೆಸಿಕೊಳ್ಳಿ.

ಮಗುವಿನ ಹೆಸರನ್ನು ಕಡೇ ಗಳಿಗೆಯಲ್ಲಿ ಸೇರಿಸೋಣ ಎಂದುಕೊಳ್ಳುವವರು ಹಲವರು. ಹಡಗಿನಲ್ಲಿ ಅದು ನಡೆಯುವುದಿಲ್ಲ. ಮಡಿಲಲ್ಲಿ ಮಲಗುವ ಕೂಸೂ ಒಂದು ತಲೆಯೇ. ಲೈಫ್‌ಬೋಟಿನ ಸಾಮರ್ಥ್ಯ ತಲೆಗಳ ಲೆಕ್ಕದಲ್ಲಿರುವುದರಿಂದ ಇಬ್ಬರ ಕ್ಯಾಬಿನ್ನಿಗೆ ಮೂರನೆಯವರಾಗಿ ಕೂಸನ್ನು ಸೇರಿಸಲು ಒಪ್ಪದಿರಬಹುದು. ಮೊದಲ ದಿನವೇ ಮೂವರ ಕ್ಯಾಬಿನ್ ಕೇಳಿ.

ಉಳಿತಾಯ ಮಾಡಬಹುದಾದ ಜಾಗಗಳೂ ಇವೆ. ಪಾನೀಯದ ಪ್ಯಾಕೇಜ್ ಬೇಡ; ಬಾಣಂತನ ಮುಗಿದ ಮನೆಯವರಿಗೆ ರಾತ್ರಿ ಬಾರಿನಲ್ಲಿ ಕೂರುವ ಪುರುಸೊತ್ತು ಸಿಗುವುದಿಲ್ಲ. ದಡ ಮರೆಯಾಗುತ್ತಿದ್ದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಹಡಗಿನ ಉಪಗ್ರಹ ಮೊಬೈಲ್ ಜಾಲಕ್ಕೆ ಫೋನು ತಾನಾಗಿ ಅಂಟಿಕೊಂಡರೆ ರೋಮಿಂಗ್ ಬಿಲ್ಲು ಕ್ರೂಸಿನ ಬಿಲ್ಲಿಗೇ ಪೈಪೋಟಿ ಕೊಡುತ್ತದೆ. ಲಾಲಿ ಹಾಡು, ಬಿಳಿ ಸದ್ದು (ಮಗುವನ್ನು ಮಲಗಿಸಲು ಹಾಕುವ ಒಂದೇ ಸಮನೆಯ ಮೆಲುಸದ್ದು) ಮುಂತಾದವನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹೀಗೆ ಉಳಿದ ಹಣವನ್ನು ಕಿಟಕಿ ಇರುವ ಕ್ಯಾಬಿನ್ನಿಗೆ ಹಾಕಿ.

ಕ್ಯಾಬಿನ್ ಆಯ್ಕೆ

ಡೆಕ್ ನಕ್ಷೆ, ಅಂದರೆ ಹಡಗಿನ ಮಹಡಿಗಳ ನಕ್ಷೆ, ತೆರೆದಿಟ್ಟುಕೊಂಡು ಕೂರಿ. ಹಡಗು ಉದ್ದಕ್ಕೆ ತೂಗುವಾಗ ಎರಡೂ ತುದಿಗಳು ಹೆಚ್ಚು ಏರಿಳಿಯುತ್ತವೆ, ನಡುಭಾಗ ಕಡಿಮೆ. ಅಕ್ಕಪಕ್ಕಕ್ಕೆ ಹೊಯ್ದಾಡುವಾಗ ಮೇಲಿನ ಡೆಕ್ ಹೆಚ್ಚು ವಾಲುತ್ತದೆ, ಕೆಳಗಿನದು ಕಡಿಮೆ. ಆದ್ದರಿಂದ ನಡುಭಾಗದ ಕೆಳ ಡೆಕ್ ಒಳ್ಳೆಯದು, ಅದರ ದರವೂ ಸಾಮಾನ್ಯವಾಗಿ ಕಡಿಮೆ.

ಆಮೇಲೆ ಸದ್ದು. ಹಿಂಭಾಗದಲ್ಲಿ ಪ್ರೊಪೆಲರ್ ನಡುಕ ಇರುತ್ತದೆ. ಹಳೆಯ ಹಡಗಿನಲ್ಲಿ ಇದು ಹೊಸದಕ್ಕಿಂತ ಚೆನ್ನಾಗಿಯೇ ತಿಳಿಯುತ್ತದೆ, ಬೀರುವಿನ ಹ್ಯಾಂಗರುಗಳು ರಾತ್ರಿಯಿಡೀ ಟಣಟಣ ಎನ್ನುತ್ತವೆ. ಮುಂಭಾಗದಲ್ಲಿ ಬಂದರು ಸೇರುವ ಹೊತ್ತಿಗೆ, ಅಂದರೆ ಬೆಳಗಿನ ಜಾವ, ಲಂಗರಿನ ಸರಪಳಿ ಮತ್ತು ಪಕ್ಕಕ್ಕೆ ತಳ್ಳುವ ಥ್ರಸ್ಟರ್‌ಗಳ ಸದ್ದು. ನಿಮ್ಮ ಕ್ಯಾಬಿನ್ನಿನ ಮೇಲೆಯೂ ಕೆಳಗೆಯೂ ಬೇರೆ ಕ್ಯಾಬಿನ್‌ಗಳೇ ಇರಲಿ. ಮೇಲೆ ಅಡುಗೆಮನೆ ಇದ್ದರೆ ನಸುಕಿನಲ್ಲಿ ಗಾಡಿ ಉರುಳುತ್ತದೆ, ಈಜುಕೊಳದ ಡೆಕ್ ಇದ್ದರೆ ಕುರ್ಚಿ ಎಳೆಯುತ್ತಾರೆ, ರಂಗಮಂದಿರದ ಪಕ್ಕದಲ್ಲಿದ್ದರೆ ರಾತ್ರಿ ಹನ್ನೊಂದರವರೆಗೆ ಡ್ರಮ್. ಕ್ಯಾಸಿನೋ ಹತ್ತಿರ ಬೇಡ. ಹಳೆಯ ಹಡಗಿನಲ್ಲಿ ಸಿಗರೇಟಿನ ವಾಸನೆ ಕಾರಿಡಾರಿಗೂ ಹರಡುತ್ತದೆ. ಪಕ್ಕದ ಕ್ಯಾಬಿನ್ನಿಗೆ ಒಳಬಾಗಿಲು ಇರುವ ಕೋಣೆಯನ್ನು ಅಜ್ಜ ಅಜ್ಜಿ ಜೊತೆಗಿದ್ದರೆ ಮಾತ್ರ ತೆಗೆದುಕೊಳ್ಳಿ, ಇಲ್ಲವಾದರೆ ಆ ಬಾಗಿಲಿನಿಂದ ಪಕ್ಕದವರ ಮಾತೆಲ್ಲ ಕೇಳುತ್ತದೆ, ಮಗುವಿನ ಅಳು ಅವರಿಗೂ.

ಒಳ ಕ್ಯಾಬಿನ್ ಕತ್ತಲ ಗೂಡು. ಹಗಲು ನಿದ್ದೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಎದ್ದಿರುವ ಮಗುವಿಗೂ ಬೆಳಕಿಲ್ಲ, ಬೆಳಗಾಯಿತೆಂದು ಅದಕ್ಕೆ ತಿಳಿಯುವುದಿಲ್ಲ. ಕಿಟಕಿ ಇದ್ದರೆ ನಿದ್ದೆ ಮಾಡುತ್ತಿರುವ ಮಗುವಿನ ಪಕ್ಕ ಕೂತವರೂ ಸಮುದ್ರ ನೋಡಬಹುದು, ಇದು ಸಣ್ಣ ಲಾಭವಲ್ಲ. ಈ ಹಡಗಿನಲ್ಲಿ ಬಾಲ್ಕನಿ ಕ್ಯಾಬಿನ್‌ಗಳು ಕಡಿಮೆ, ದುಬಾರಿ. ನಡೆಯಲು ಕಲಿಯುತ್ತಿರುವ ಮಗುವಿರುವವರು ಅದಕ್ಕೆ ಹಾತೊರೆಯಬೇಕಾಗಿಯೂ ಇಲ್ಲ.

ತೊಟ್ಟಿಲನ್ನು ಬುಕಿಂಗ್ ಸಮಯದಲ್ಲೇ ಕೇಳಿ, ಹೊರಡುವ ವಾರ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ, ಹಡಗಿನಲ್ಲಿರುವುದು ಕೆಲವೇ. ಮಡಚುವ ಟ್ರಾವೆಲ್ ತೊಟ್ಟಿಲಿಗೆ ಸುಮಾರು 100 ಸೆಂ.ಮೀ. ಉದ್ದ, 70 ಸೆಂ.ಮೀ. ಅಗಲದ ನೆಲ ಬೇಕು. ಎರಡು ಹಾಸಿಗೆಗಳನ್ನು ಸೇರಿಸಿ ಡಬಲ್ ಮಾಡಿದ್ದರೆ ಸಣ್ಣ ಕ್ಯಾಬಿನ್ನಿನಲ್ಲಿ ಅಷ್ಟು ನೆಲ ಉಳಿಯುವುದಿಲ್ಲ. ಹಾಸಿಗೆಗಳನ್ನು ಬೇರ್ಪಡಿಸಿ ಗೋಡೆಗೆ ತಳ್ಳಿಸಿಕೊಳ್ಳಿ, ನಡುವೆ ತೊಟ್ಟಿಲು ಕೂರುತ್ತದೆ. ಮಂಚಕ್ಕೂ ಗೋಡೆಗೂ ನಡುವೆ ಸಂದು ಉಳಿಯದಂತೆ ನೋಡಿಕೊಳ್ಳಿ. ಮೇಲಿನ ಮಡಚುವ ಬರ್ತನ್ನು ಮುಚ್ಚಿಸಿ, ಏಣಿಯನ್ನು ಕ್ಯಾಬಿನ್ ಸಿಬ್ಬಂದಿಗೆ ಹೇಳಿ ಹೊರಗೆ ಕಳಿಸಿ.

ಮನೆಯಲ್ಲಿ ಜೋಲಿಯಲ್ಲೇ ಮಲಗುವ ಮಗುವಾದರೆ ಎರಡು ವಾರ ಮುಂಚೆಯೇ ಹಾಸಿಗೆಯ ಅಭ್ಯಾಸ ಮಾಡಿಸಿ. ಹಡಗಿನ ಗೋಡೆ ಚಾವಣಿ ಬಹುಪಾಲು ಕಬ್ಬಿಣದವು, ಅಯಸ್ಕಾಂತದ ಕೊಕ್ಕೆ ಗಟ್ಟಿಯಾಗಿ ಅಂಟುತ್ತದೆ. ಟವೆಲ್, ಟೋಪಿ, ಡೈಪರ್ ಚೀಲ ತೂಗುಹಾಕಲು ಅವು ಬಹಳ ಉಪಯೋಗ, ಆರು ಎಂಟು ಒಯ್ಯಿರಿ. ಆದರೆ ಜೋಲಿಯನ್ನು ಮಾತ್ರ ಅವಕ್ಕೆ ಕಟ್ಟಬಾರದು. ಪ್ಯಾಕೆಟ್ಟಿನ ಮೇಲೆ ಬರೆದ ತೂಕ ನೇರ ಎಳೆತಕ್ಕೆ. ತೂಗಿದಾಗ ಪಕ್ಕಕ್ಕೆ ಬೀಳುವ ಎಳೆತಕ್ಕೆ ಕೊಕ್ಕೆ ಜಾರಿ ಕಳಚುತ್ತದೆ. ಬರ್ತಿನ ಕಂಬಿ, ಬಟ್ಟೆ ಬೀರುವಿನ ಸರಳು ಕೂಡ ಬೇಡ.

ಕರೆಂಟು, ನೀರು, ಬಚ್ಚಲು

1990ರ ಕ್ಯಾಬಿನ್ನಿನಲ್ಲಿ ಪ್ಲಗ್ ಪಾಯಿಂಟ್ ಒಂದೋ ಎರಡೋ. ಅಮೆರಿಕದವರಿಗಾಗಿ ಕಟ್ಟಿದ ಹಡಗಾದ್ದರಿಂದ 110 ವೋಲ್ಟ್ ಪಾಯಿಂಟ್ ಮತ್ತು ಯುರೋಪಿನ ದುಂಡು ಎರಡು ಪಿನ್ನಿನ 220 ವೋಲ್ಟ್ ಪಾಯಿಂಟ್ ಎರಡೂ ಎದುರಾಗಬಹುದು. ಸಾರ್ವತ್ರಿಕ ಅಡಾಪ್ಟರ್ ಒಂದು, ನಾಲ್ಕು ಯುಎಸ್‌ಬಿ ಇರುವ ಚಾರ್ಜರ್ ಒಂದು ಸಾಕು. ಎಕ್ಸ್‌ಟೆನ್ಶನ್ ಬೋರ್ಡನ್ನು ಹತ್ತುವಾಗಲೇ ತಪಾಸಣೆಯವರು ತೆಗೆದಿಟ್ಟುಕೊಳ್ಳಬಹುದು. ಎಲೆಕ್ಟ್ರಿಕ್ ಕೆಟಲ್, ಬಾಟಲಿ ಬಿಸಿ ಮಾಡುವ ಯಂತ್ರ, ಆವಿ ಸ್ಟೆರಿಲೈಸರ್ ಇವೆಲ್ಲ ಬೆಂಕಿಯ ಭಯದಿಂದ ಸಾಮಾನ್ಯವಾಗಿ ನಿಷಿದ್ಧ. ಹೇಗೋ ಒಳಗೆ ತಂದರೂ, ನಮ್ಮ 220 ವೋಲ್ಟಿನ ಹೀಟರನ್ನು 110ರ ಪಾಯಿಂಟಿಗೆ ಹಾಕಿದರೆ ನಾಲ್ಕನೇ ಒಂದು ಪಾಲು ಶಾಖ ಮಾತ್ರ ಬರುತ್ತದೆ. ಉಗುರುಬೆಚ್ಚಗಿನ ಬಾಟಲಿ ಸ್ಟೆರಿಲೈಸ್ ಆಗಿದೆ ಎಂದು ನಂಬಿ ಕೂರುವುದು ಅಪಾಯ. ಅದರ ಬದಲು ತಣ್ಣೀರಿನಲ್ಲಿ ಕರಗಿಸುವ ಸ್ಟೆರಿಲೈಸಿಂಗ್ ಮಾತ್ರೆ ಮತ್ತು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ ಒಯ್ಯಿರಿ. ಮೊದಲು ಸೋಪು, ಬ್ರಷ್‌ನಿಂದ ತೊಳೆಯಬೇಕು; ಹಾಲಿನ ಜಿಡ್ಡು ಉಳಿದರೆ ಮಾತ್ರೆ ಕೆಲಸ ಮಾಡುವುದಿಲ್ಲ.

ಪುಡಿ ಹಾಲು ಕುಡಿಯುವ ಮಗುವಾದರೆ ಬಿಸಿನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು, ಏಕೆಂದರೆ ಪುಡಿಯೊಳಗಿನ ಬ್ಯಾಕ್ಟೀರಿಯಾ ಸಾಯುವುದು ಆ ಶಾಖಕ್ಕೆ. ಒಂದು ಲೀಟರಿನ ಒಳ್ಳೆಯ ಸ್ಟೀಲ್ ಫ್ಲಾಸ್ಕ್ ಒಯ್ದು, ಕುದಿನೀರಿನಲ್ಲಿ ಒಮ್ಮೆ ತೊಳೆದು ಬಿಸಿ ಮಾಡಿ, ಆಮೇಲೆ ರೆಸ್ಟೋರೆಂಟಿನಲ್ಲಿ ತುಂಬಿಸಿಕೊಳ್ಳಿ. ರಾತ್ರಿಯ ಊಟ ಮುಗಿಸಿ ಹೊರಡುವಾಗ ತುಂಬಿಸಿದರೆ ನಡುರಾತ್ರಿಯ ಹಾಲಿಗೆ ಆಯಿತು. ಬೆಳಗಿನ ಜಾವದ್ದಕ್ಕೆ ಮತ್ತೆ ಬಿಸಿನೀರು ಬೇಕು, ಯಾರನ್ನು ಕೇಳಬೇಕೆಂದು ರಾತ್ರಿಯೇ ತಿಳಿದುಕೊಳ್ಳಿ. ಕಲಸಿದ ಹಾಲನ್ನು 2 ಗಂಟೆಯೊಳಗೆ ಕುಡಿಸಿ, ಉಳಿದದ್ದು ಚೆಲ್ಲಿ. ಕ್ಯಾಬಿನ್ನಿನ ಮಿನಿ ಫ್ರಿಜ್ ಇದ್ದರೂ ಅದು ನೀರು ತಣ್ಣಗಿಡುವಷ್ಟೇ, ಹಿಂಡಿಟ್ಟ ಎದೆಹಾಲಿಗೆ ಅದನ್ನು ನಂಬಬೇಡಿ. ಐಸ್ ಪ್ಯಾಕ್ ಇರುವ ಚೀಲ ತನ್ನಿ, ಐಸನ್ನು ಸಿಬ್ಬಂದಿ ಕೊಡುತ್ತಾರೆ.

ಬಚ್ಚಲು ಪರದೆ ಕಟ್ಟಿದ ಒಂದು ಮೂಲೆ. ಟಬ್ ಇಲ್ಲ, ಬಕೆಟ್ಟೂ ಇಲ್ಲ, ಚೊಂಬೂ ಇಲ್ಲ. ಗಾಳಿ ತುಂಬುವ ಚಿಕ್ಕ ಟಬ್ ಒಂದು, ಪ್ಲಾಸ್ಟಿಕ್ ಮಗ್ ಒಂದು ಒಯ್ದರೆ ಸ್ನಾನದ ಸಮಸ್ಯೆ ಮುಗಿಯಿತು. ನೀರಿನ ಶಾಖ ಹಳೆಯ ಹಡಗಿನಲ್ಲಿ ಇದ್ದಕ್ಕಿದ್ದಂತೆ ಏರುವುದುಂಟು. ನೇರ ಷವರ್ ಕೆಳಗೆ ಮಗುವನ್ನು ಹಿಡಿಯದೆ, ಟಬ್ಬಿಗೆ ನೀರು ಬಿಟ್ಟು ಮೊಣಕೈ ಅದ್ದಿ ನೋಡಿ ಆಮೇಲೆ ಕೂರಿಸಿ. ಎಣ್ಣೆ ಸ್ನಾನ ಊರಿಗೆ ಬಂದ ಮೇಲೆ ಆಗಲಿ. ತೂಗುವ ನೆಲ, ಅದರ ಮೇಲೆ ಎಣ್ಣೆ, ಕೈಯಲ್ಲಿ ಜಾರುವ ಕೂಸು, ಹೊರಗೆ ಬರುವಾಗ ಒಂದು ಗೇಣು ಎತ್ತರದ ಹೊಸ್ತಿಲು.

ಶೌಚಾಲಯ ಗಾಳಿಯ ಎಳೆತದಿಂದ ಕೆಲಸ ಮಾಡುವಂಥದ್ದು, ಕೊಳವೆ ಸಪೂರ. ಒಂದು ವೈಪ್ಸ್ ಹಾಕಿದರೂ ಸಿಕ್ಕಿಕೊಂಡು ನಿಮ್ಮದಷ್ಟೇ ಅಲ್ಲ, ಆ ಸಾಲಿನ ಹಲವು ಕ್ಯಾಬಿನ್‌ಗಳ ಶೌಚಾಲಯ ನಿಲ್ಲಬಹುದು. ಡೈಪರನ್ನು ಕವರಿನಲ್ಲಿ ಗಂಟು ಕಟ್ಟಿ ಬುಟ್ಟಿಗೆ ಹಾಕಿ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಒಯ್ಯಲು ಕ್ಯಾಬಿನ್ ಸಿಬ್ಬಂದಿಗೆ ಹೇಳಿ.

ಏನೇನು, ಎಷ್ಟೆಷ್ಟು

ಮೂರು ರಾತ್ರಿಗೆ ಲೆಕ್ಕ: ದಿನಕ್ಕೆ 8 ಡೈಪರಿನಂತೆ ನಾಲ್ಕು ದಿನಕ್ಕೆ 32, ಭೇದಿಯಾದರೆಂದು ಅದರ ಅರ್ಧ ಹೆಚ್ಚು, ಒಟ್ಟು 48. ಹಡಗಿನ ಅಂಗಡಿಯಲ್ಲಿ ಸುಗಂಧ ದ್ರವ್ಯ ಸಿಗುತ್ತದೆ, ನಿಮ್ಮ ಅಳತೆಯ ಡೈಪರ್ ಸಿಗುವ ಭರವಸೆ ಇಲ್ಲ. ಬಟ್ಟೆ ದಿನಕ್ಕೆ ಮೂರು ಜೊತೆ. ಒಗೆದದ್ದು ಒಳ ಕ್ಯಾಬಿನ್ನಿನಲ್ಲಿ ಒಂದು ದಿನಕ್ಕೆ ಒಣಗುವುದಿಲ್ಲ. ಎಸಿ ಕೆಲವು ಕ್ಯಾಬಿನ್‌ಗಳಲ್ಲಿ ಹಟ ಹಿಡಿದಂತೆ ಕೊರೆಯುತ್ತದೆ, ಗುಂಡಿ ತಿರುಗಿಸಿದರೂ ಕೇಳುವುದಿಲ್ಲ. ಹೊದಿಕೆಯ ಬದಲು ತೊಡಿಸಬಹುದಾದ ನಿದ್ದೆಚೀಲ ಅಥವಾ ಪೂರ್ತಿ ತೋಳಿನ ಹತ್ತಿ ಬಟ್ಟೆ ಎರಡು ಪದರ ಒಯ್ಯಿರಿ. ಒರೆಸಬಹುದಾದ ದಪ್ಪ ಮ್ಯಾಟ್ ಒಂದು ಇರಲಿ, ಹಳೆಯ ಕಾರ್ಪೆಟ್ಟಿನ ಮೇಲೆ ಮಗುವನ್ನು ನೇರ ಬಿಡಬೇಡಿ. ಬ್ಯಾಟರಿಯ ಪುಟ್ಟ ರಾತ್ರಿದೀಪ ಕೂಡ ಬೇಕು.

ಸ್ಟ್ರಾಲರ್ ಒಯ್ಯುವುದಾದರೆ ಒಂದೇ ಕೈಯಲ್ಲಿ ಛತ್ರಿಯಂತೆ ಮಡಚುವಂಥದ್ದು. ಕ್ಯಾಬಿನ್ ಬಾಗಿಲು ಕಿರಿದು, ಕಾರಿಡಾರಿನಲ್ಲಿ ಬಿಟ್ಟು ಹೋಗಲು ಅಗ್ನಿಸುರಕ್ಷೆಯ ನಿಯಮ ಬಿಡುವುದಿಲ್ಲ. ಊಟದ ಹೊತ್ತಿಗೆ ಲಿಫ್ಟ್ ತುಂಬಿರುತ್ತದೆ. ನಿಜಕ್ಕೂ ಹೆಚ್ಚು ಬಳಕೆಗೆ ಬರುವುದು ಎದೆಗೆ ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್.

ಔಷಧಿಯ ಪೊಟ್ಟಣದಲ್ಲಿ ಥರ್ಮಾಮೀಟರ್, ಓಆರ್‌ಎಸ್, ಪ್ಯಾರಾಸಿಟಮಾಲ್ ಡ್ರಾಪ್ಸ್ (ಮಗುವಿನ ಈಗಿನ ತೂಕಕ್ಕೆ ಎಷ್ಟು ಎಂ.ಎಲ್. ಎಂದು ವೈದ್ಯರಿಂದ ಬರೆಸಿಕೊಂಡು), ಡೈಪರ್ ಕ್ರೀಮ್ ಇರಲಿ. ಸಮುದ್ರದ ವಾಕರಿಕೆಗೆ ಕೂಸಿಗೆ ಏನನ್ನೂ ಕೊಡಬೇಡಿ. ಎರಡು ವರ್ಷದೊಳಗಿನ ಮಕ್ಕಳಿಗೆ ಆ ತೊಂದರೆ ಬರುವುದೇ ಅಪರೂಪ. ಆವೋಮಿನ್‌ನಂಥ ಪ್ರೊಮೆಥಜಿನ್ ಮಾತ್ರೆಗಳು ಆ ವಯಸ್ಸಿಗೆ ಉಸಿರಾಟವನ್ನೇ ಕುಗ್ಗಿಸಬಲ್ಲವು. ವಾಂತಿಯಾದರೆ ಅದು ಹೊಟ್ಟೆಯ ಸೋಂಕು ಎಂದೇ ಮೊದಲು ಭಾವಿಸಿ ಹಡಗಿನ ವೈದ್ಯರಿಗೆ ತೋರಿಸಿ. ವಾಕರಿಕೆ ಕಾಡುವುದು ದೊಡ್ಡವರಿಗೆ. ಹಾಲೂಡಿಸುವ ತಾಯಿ ತನ್ನ ಮಾತ್ರೆಯನ್ನು ಹೊರಡುವ ಮೊದಲೇ ವೈದ್ಯರನ್ನು ಕೇಳಿ ಆರಿಸಿಕೊಳ್ಳಲಿ, ಮಂಪರು ತರಿಸುವ ಮಾತ್ರೆ ನುಂಗಿ ಕೂಸನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಾರದು. ಹಡಗಿನಲ್ಲಿ ವೈದ್ಯರು, ನರ್ಸ್ ಇರುತ್ತಾರೆ, ಮಕ್ಕಳ ತಜ್ಞರು ಇರುವುದಿಲ್ಲ, ಶುಲ್ಕ ಬೇರೆ. ಮಗುವಿನ ಹೆಸರೂ ಇರುವ ಪ್ರವಾಸ ವಿಮೆ ಮಾಡಿಸಿ.

ಕಾಗದಪತ್ರ, ಬಂದರು

ದೇಶದೊಳಗಿನ ಪ್ರವಾಸಕ್ಕೆ ದೊಡ್ಡವರ ಗುರುತಿನ ಚೀಟಿ, ಮಗುವಿಗೆ ಬಾಲ ಆಧಾರ್ ಅಥವಾ ಜನನ ಪ್ರಮಾಣಪತ್ರ. ಎರಡೂ ಇದ್ದರೆ ಎರಡನ್ನೂ ಮೂಲ ಪ್ರತಿಯಲ್ಲೇ ಒಯ್ಯಿರಿ. ಶ್ರೀಲಂಕಾಕ್ಕೆ ಕೂಸಿಗೂ ಸ್ವಂತ ಪಾಸ್‌ಪೋರ್ಟ್ ಬೇಕು. ಜೊತೆಗೆ ಆ ಹೊತ್ತಿನ ಇಟಿಎ (ಆನ್‌ಲೈನ್ ಪ್ರವೇಶ ಅನುಮತಿ) ನಿಯಮ ನೋಡಿಕೊಳ್ಳಿ. ಬುಕಿಂಗ್‌ನಲ್ಲಿರುವ ಹೆಸರು ಪ್ರಮಾಣಪತ್ರದ ಹೆಸರಿಗೆ ಅಕ್ಷರಶಃ ಹೊಂದಬೇಕು. ನಾಮಕರಣಕ್ಕೆ ಮುಂಚೆ ಮಾಡಿಸಿದ ಜನನ ಪ್ರಮಾಣಪತ್ರದಲ್ಲಿ ಹೆಸರೇ ಇರುವುದಿಲ್ಲ. ಹೆಚ್ಚು ಜನ ಎಡವುವುದು ಇಲ್ಲೇ, ಮೊದಲೇ ಹೆಸರು ಸೇರಿಸಿಸಿ.

ಮುಂಬೈನ ಕ್ರೂಸ್ ಟರ್ಮಿನಲ್ ಬಲ್ಲಾರ್ಡ್ ಪಿಯರ್‌ನಲ್ಲಿದೆ, ಸಿಎಸ್‌ಎಂಟಿ ರೈಲು ನಿಲ್ದಾಣಕ್ಕೆ ಬಹಳ ಹತ್ತಿರ. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್, ಮಂಗಳೂರು ಜಂಕ್ಷನ್‌ನಿಂದ ಸಿಎಸ್‌ಎಂಟಿ ಎಕ್ಸ್‌ಪ್ರೆಸ್ ಇವೆ. ಏನೇ ಆಗಲಿ ಹಿಂದಿನ ದಿನವೇ ತಲುಪಿ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಹಣವೂ ಬರುವುದಿಲ್ಲ.

ದೊಡ್ಡ ಸಾಮಾನನ್ನು ಬಂದರಿನಲ್ಲೇ ಒಪ್ಪಿಸಿದರೆ ಅದು ಕ್ಯಾಬಿನ್ನಿಗೆ ಬರಲು ಹಲವು ಗಂಟೆ ಹಿಡಿಯುತ್ತದೆ. ಕೈಚೀಲದಲ್ಲಿ 8 ಡೈಪರ್, ಎರಡು ಜೊತೆ ಬಟ್ಟೆ, ಎರಡು ಊಟಕ್ಕಾಗುವಷ್ಟು ಆಹಾರ, ಔಷಧಿ, ಮ್ಯಾಟ್ ಇರಲೇಬೇಕು. ಕ್ಯಾಬಿನ್ ಸಿಕ್ಕ ಕೂಡಲೇ ಮಗುವನ್ನು ಕೆಳಗೆ ಬಿಡುವ ಮೊದಲು ಮಂಚದ ಕೆಳಗೆ ಟಾರ್ಚ್ ಹಾಕಿ ನೋಡಿ. ಹಿಂದಿನವರ ಮಾತ್ರೆ, ಸೇಫ್ಟಿ ಪಿನ್ನು, ನಾಣ್ಯ ಸಿಗುವುದು ಅಲ್ಲೇ. ಡ್ರಾಯರುಗಳಿಗೆ ಟೇಪ್ ಅಂಟಿಸಿ. ಕ್ಯಾಬಿನ್ ಬಾಗಿಲು ಭಾರ, ತಾನಾಗಿ ಧಡ್ಡನೆ ಮುಚ್ಚಿಕೊಳ್ಳುತ್ತದೆ. ಅದರ ಕೀಲಿನ (ಹಿಂಜ್) ಕಡೆ ಪುಟ್ಟ ಬೆರಳು ಹೋಗದಂತೆ ಕಣ್ಣಿಡಿ.

ಸುರಕ್ಷತಾ ಕವಾಯತು

ಹಡಗು ಹೊರಡುವ ಹೊತ್ತಿಗೆ ಎಲ್ಲರೂ ಸೇರುವ ಕವಾಯತು ಕಡ್ಡಾಯ. ಅದಕ್ಕೂ ಮೊದಲೇ ಕೂಸಿನ ಲೈಫ್ ಜಾಕೆಟ್ ಕೇಳಿ ತರಿಸಿಕೊಳ್ಳಿ; ಕ್ಯಾಬಿನ್ನಿನ ಬೀರುವಿನಲ್ಲಿ ಇರುವುದು ದೊಡ್ಡವರದು. ಒಂದು ದಿನಕ್ಕಿಂತ ಹೆಚ್ಚಿನ ಸಮುದ್ರಯಾನದಲ್ಲಿ ಹಡಗಿನಲ್ಲಿರುವ ಪ್ರತಿ ಕೂಸಿಗೂ ಶಿಶು ಜಾಕೆಟ್ ಇರಬೇಕೆಂದು ಸಮುದ್ರದಲ್ಲಿ ಜೀವರಕ್ಷಣೆಗಾಗಿ ಇರುವ ಅಂತರರಾಷ್ಟ್ರೀಯ ಸೋಲಾಸ್ ನಿಯಮ ಹೇಳುತ್ತದೆ. ಶಿಶು ಜಾಕೆಟ್ 15 ಕೆ.ಜಿ.ಗಿಂತ ಕಡಿಮೆ ತೂಕದವರಿಗೆ. ತೊಡಿಸಿ, ಬಿಗಿ ಮಾಡಿ, ಒಮ್ಮೆ ಅಭ್ಯಾಸ ಮಾಡಿ. ಕವಾಯತಿನ ಸೈರನ್ ಕಿವಿಗಡಚಿಕ್ಕುತ್ತದೆ, ಆ ಹೊತ್ತಿಗೆ ಸರಿಯಾಗಿ ಹಾಲು ಕುಡಿಸಲು ಲೆಕ್ಕ ಹಾಕಿದರೆ ಕೂಸು ಬೆಚ್ಚುವುದು ಕಡಿಮೆ. ಲೈಫ್ ಜಾಕೆಟ್ ತೊಡುವ ಯಾವ ಸಂದರ್ಭದಲ್ಲೂ ಮಗುವನ್ನು ಕ್ಯಾರಿಯರಿನಲ್ಲಿ ನಿಮ್ಮ ಎದೆಗೆ ಕಟ್ಟಿಕೊಂಡಿರಬೇಡಿ. ನೀರಿಗೆ ಬಿದ್ದರೆ ಅದರ ಮುಖ ನೀರೊಳಗೇ ಉಳಿಯುತ್ತದೆ.

ಊಟ ಮತ್ತು ದಿನಚರಿ

ಹೊರಗಿನ ಊಟ ಒಳಗೆ ಬಿಡುವುದಿಲ್ಲ, ಮಗುವಿನ ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ. ಆದರೂ ಮನೆಯ ಡಬ್ಬಿಯಲ್ಲಿ ತುಂಬಿದ ಪುಡಿಗಿಂತ ಮೊಹರು ಒಡೆಯದ ಪ್ಯಾಕೆಟ್ಟಿಗೆ ತಪಾಸಣೆಯಲ್ಲಿ ತಕರಾರು ಕಡಿಮೆ. ರಾಗಿ ಸರಿ ಬೇಯಬೇಕು, ಬಿಸಿನೀರಿನಲ್ಲಿ ಕಲಸಿದರೆ ಹಸಿಯಾಗಿ ಹೊಟ್ಟೆ ಕೆಡುತ್ತದೆ; ಕ್ಯಾಬಿನ್ನಿನಲ್ಲಿ ಬೇಯಿಸುವ ದಾರಿಯಿಲ್ಲ. ಬಿಸಿನೀರಿಗೇ ಸಿದ್ಧವಾಗುವ ಸೆರೆಲ್ಯಾಕ್‌ನಂಥದ್ದು ಅಥವಾ ಹುರಿದ ಅವಲಕ್ಕಿ ಪುಡಿ ಸರಿ.

ಮೊದಲ ದಿನದ ಊಟಕ್ಕೆ ಹೋದಾಗಲೇ ರೆಸ್ಟೋರೆಂಟಿನ ಮುಖ್ಯಸ್ಥರನ್ನು ಕಂಡು, ಉಪ್ಪು ಖಾರ ಇಲ್ಲದ ಮೆತ್ತನೆಯ ಅನ್ನ ಬೇಳೆ ಯಾವ ಹೊತ್ತಿಗೆ ಬೇಕೆಂದು ಹೇಳಿಡಿ. ಬಫೆಯ ದಾಲ್‌ನಲ್ಲಿ ವರ್ಷ ತುಂಬದ ಕೂಸಿಗೆ ಉಪ್ಪು ಹೆಚ್ಚಾಯಿತು. ಬಾಳೆಹಣ್ಣು, ಬಿಸಿ ಇಡ್ಲಿ, ಆಗತಾನೆ ಬೇಯಿಸಿದ ಆಲೂಗಡ್ಡೆ ಇದ್ದರೆ ಹೊಟ್ಟೆ ತುಂಬುತ್ತದೆ. ರೆಸ್ಟೋರೆಂಟ್ ಬಾಗಿಲು ತೆರೆದ ಮೊದಲ ಅರ್ಧ ಗಂಟೆಯಲ್ಲೇ ಊಟ ಮುಗಿಸಿ. ಮಕ್ಕಳ ಎತ್ತರದ ಕುರ್ಚಿಯ ತಟ್ಟೆಯನ್ನು ನೀವೇ ಸೋಪುನೀರಿನಲ್ಲಿ ಒರೆಸಿ. ಹಡಗುಗಳಲ್ಲಿ ಹರಡುವ, ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಾಗುವುದಿಲ್ಲ, ಸೋಪು ಹಾಕಿ ಕೈ ತೊಳೆಯುವುದೇ ಮದ್ದು.

ಡೈಪರ್ ಹಾಕುವ ಮಗುವನ್ನು ಈಜುಕೊಳಕ್ಕೆ ಇಳಿಸಲು ಕ್ರೂಸ್ ಹಡಗುಗಳಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ, ಈಜು ಡೈಪರ್ ಹಾಕಿದ್ದರೂ. ಹಳಹಳಿಸಬೇಡಿ, ಅದೇ ಗಾಳಿ ಟಬ್ ಕ್ಯಾಬಿನ್ನಿನಲ್ಲಿದೆ. ತೆರೆದ ಡೆಕ್ಕಿಗೆ ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ ಟೋಪಿ ಹಾಕಿ ಕರೆದೊಯ್ಯಿರಿ. ಕಟಕಟೆಯ ಬಳಿ ಫೋಟೊಗಾಗಿ ಮಗುವನ್ನು ಎತ್ತಿ ಹಿಡಿಯುವುದು ಬೇಡವೇ ಬೇಡ.

ಗೋವಾದ ಮೊರ್ಮುಗಾವ್‌ನಲ್ಲಿ, ಕೊಚ್ಚಿಯಲ್ಲಿ ಹಡಗು ಕಟ್ಟೆಗೇ ಬಂದು ನಿಲ್ಲುತ್ತದೆ. ಮಧ್ಯಾಹ್ನದ ನಿದ್ದೆಗೆ ವಾಪಸ್ ಬರುವಷ್ಟು ದೂರಕ್ಕೆ ಮಾತ್ರ ಹೋಗಿ. ಲಕ್ಷದ್ವೀಪದ ಅಗತ್ತಿಯಲ್ಲಿ ಹಾಗಲ್ಲ. ಹಡಗು ಹೊರಗೆ ನಿಂತು, ಸಣ್ಣ ದೋಣಿಗೆ ಇಳಿಯಬೇಕು. ಅಲೆ ಹೆಚ್ಚಿದ್ದರೆ ಆ ದಿನದ ಇಳಿಯುವಿಕೆಯೇ ರದ್ದಾಗುತ್ತದೆ. ಅಲೆಯ ಮೇಲೆ ಏರಿಳಿಯುವ ದೋಣಿಗೆ ಕಾಲಿಡುವಾಗ ಕೂಸು ಒಬ್ಬರ ಕೈಯಲ್ಲಿ, ಚೀಲ ಇನ್ನೊಬ್ಬರ ಕೈಯಲ್ಲಿ ಇರಲಿ. ಸಿಬ್ಬಂದಿ ಮೊಣಕೈ ಹಿಡಿಯುವವರೆಗೆ ಹೆಜ್ಜೆ ಎತ್ತಬೇಡಿ. ಶಿಶು ಜಾಕೆಟ್ ಕೇಳಿ, ಇಲ್ಲವೆಂದರೆ ಇಳಿಯಬೇಡಿ. ಸ್ಟ್ರಾಲರ್ ಹಡಗಿನಲ್ಲೇ ಇರಲಿ, ಮರಳಿನಲ್ಲಿ ಅದು ಉರುಳುವುದಿಲ್ಲ.

ಇಳಿಯುವಾಗ

ಕಡೆಯ ರಾತ್ರಿ ದೊಡ್ಡ ಸಾಮಾನನ್ನು ಬಾಗಿಲ ಹೊರಗಿಡಲು ಹೇಳುತ್ತಾರೆ, ಅದು ಮತ್ತೆ ಕೈಗೆ ಸಿಗುವುದು ಬಂದರಿನಲ್ಲಿ. ರಾತ್ರಿಯ ಡೈಪರ್, ಬೆಳಗಿನ ಬಟ್ಟೆ, ಹಾಲಿನ ಪುಡಿ, ಚಪ್ಪಲಿ ತೆಗೆದಿಟ್ಟುಕೊಂಡೇ ಚೀಲಕ್ಕೆ ಬೀಗ ಹಾಕಿ. ಬಿಲ್ಲನ್ನು ರಾತ್ರಿಯೇ ನೋಡಿ, ತಪ್ಪಿದ್ದರೆ ಆಗಲೇ ಕೌಂಟರಿಗೆ ಹೋಗಿ. ಬೆಳಿಗ್ಗೆ ಅಲ್ಲಿ ನೂರು ಜನ ನಿಂತಿರುತ್ತಾರೆ. ಗೋಡೆಗೆ ಅಂಟಿಸಿದ ಕೊಕ್ಕೆ, ಬಚ್ಚಲಲ್ಲಿ ಒಣಹಾಕಿದ ಟಬ್, ಫ್ರಿಜ್ಜಿನಲ್ಲಿಟ್ಟ ಐಸ್ ಪ್ಯಾಕ್ ಮರೆತುಹೋಗುವ ಮೂರು ಸಾಮಾನು. ಇಳಿಯಲು ಗುಂಪು ಗುಂಪಾಗಿ ಕರೆಯುತ್ತಾರೆ, ಕೂಸು ಇದೆ ಎಂದು ಹೇಳಿದರೆ ಮೊದಲ ಗುಂಪಿಗೆ ಹಾಕುವುದುಂಟು. ಹಾಗಿದ್ದರೂ ಊರಿಗೆ ಮರಳುವ ರೈಲನ್ನೋ ವಿಮಾನವನ್ನೋ ಮಧ್ಯಾಹ್ನ ಮೂರರ ಮೇಲಿನದಕ್ಕೆ ಬುಕ್ ಮಾಡಿ.